ಹಾರರ್ ಚಿತ್ರಗಳಿಗೆ ಒಗ್ಗಿದ ಮನಸ್ಸು ಇಲ್ಲೇಕೆ ಕದಡಿತು?

ಪ್ರಶ್ನೆ: ಹೈಸ್ಕೂಲಿನ ದಿನಗಳಿಂದಲೂ ನಾನು ಹಾರರ್ ಚಿತ್ರಗಳ ಅಭಿಮಾನಿ. ನಮ್ಮ ‘ನಾ ನಿನ್ನ ಬಿಡಲಾರೆ’, ‘ಶ್’ ಚಿತ್ರಗಳಿಂದ ಹಿಡಿದು ಜಪಾನ್, ಕೊರಿಯಾ, ಅಮೆರಿಕದ ಚಿತ್ರಗಳವರೆಗೆ ಬೇಕಾದಷ್ಟು ನೋಡಿದ್ದೇನೆ. ರಕ್ತ ಕಂಡು ಮುಖ ತಿರುಗಿಸುವವನಲ್ಲ. ಈಚೆಗೆ ಗೆಳೆಯರ ಒತ್ತಾಯಕ್ಕೆ ‘ಕ್ಯಾನಿಬಲ್ ಹೋಲೋಕಾಸ್ಟ್’ ಎಂಬ ಇಟಲಿಯ ಚಿತ್ರ ನೋಡಲು ಕುಳಿತವನು ಆಮೆಯನ್ನು ಕೊಲ್ಲುವ ದೃಶ್ಯ ಬಂದಾಗ ಎದ್ದುಬಿಟ್ಟೆ. ಊಟಕ್ಕೆ ಕೂತರೂ ಮಲಗಿದರೂ ಅದೇ ಕಣ್ಣಿಗೆ ಕಟ್ಟುತ್ತಿದೆ. ಇಷ್ಟೆಲ್ಲ ನೋಡಿದವನಿಗೆ ಹೀಗೇಕಾಯಿತು? ಉಳಿದದ್ದನ್ನೂ ನೋಡಿ ಮುಗಿಸಿದರೆ ಸರಿಹೋಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ನೋಡಲೇ?
— ಹೆಸರು ಬೇಡ, ದಾವಣಗೆರೆ

ಉತ್ತರ: ನೀವು ಎದ್ದು ಬಂದ ದೃಶ್ಯದಲ್ಲಿಯೇ ನಿಮ್ಮ ಮೊದಲ ಪ್ರಶ್ನೆಗೆ ಉತ್ತರವಿದೆ. ಆ ಆಮೆ ಬೊಂಬೆಯಲ್ಲ. ರುಜ್ಜೇರೊ ದಿಯೊದಾತೊ ನಿರ್ದೇಶಿಸಿ 1980ರಲ್ಲಿ ತೆರೆಗೆ ಬಂದ ಈ ಚಿತ್ರವನ್ನು ಕೊಲಂಬಿಯಾದ ಅಮೆಜಾನ್ ಕಾಡಿನಲ್ಲಿ ಚಿತ್ರೀಕರಿಸುವಾಗ ಆಮೆ, ಹಂದಿ, ಕೋತಿ, ಹಾವು ಮೊದಲಾದ ಪ್ರಾಣಿಗಳನ್ನು ಕ್ಯಾಮೆರಾದ ಎದುರಿಗೇ ನಿಜವಾಗಿ ಕೊಲ್ಲಲಾಯಿತು. ಒಂದು ಜೀವ ಹೋಗುವುದನ್ನು ನೀವು ಕಣ್ಣಾರೆ ಕಂಡಿದ್ದೀರಿ, ಅದು ನಿಮ್ಮ ಮನಸ್ಸಿಗೆ ತಿಳಿದಿದೆ.

ಹಾರರ್ ಚಿತ್ರಗಳ ಅಭಿಮಾನಿ ರಕ್ತಕ್ಕೆ ಒಗ್ಗಿದವನೆಂದು ಹೊರಗಿನವರು ಭಾವಿಸುತ್ತಾರೆ. ಅವನು ಒಗ್ಗಿರುವುದು ಮೇಕಪ್ ಕಲಾವಿದರ ಕೈಚಳಕಕ್ಕೆ ಎಂಬುದು ನನ್ನ ನಂಬಿಕೆ. ರಬ್ಬರಿನ ಚರ್ಮ, ಬಣ್ಣ ಬೆರೆಸಿದ ದ್ರವ, ಸರಿಯಾದ ಕ್ಷಣಕ್ಕೆ ಕತ್ತರಿಸಿ ಜೋಡಿಸಿದ ಶಾಟ್, ಇವೆಲ್ಲ ಗೊತ್ತಿದ್ದೂ ಅವನು ಹೆದರುತ್ತಾನೆ. ಕಟ್ ಹೇಳಿದ ಮೇಲೆ ನಟ ಎದ್ದು ಮುಖ ತೊಳೆದುಕೊಂಡು ಮನೆಗೆ ಹೋಗಿರುತ್ತಾನೆ ಎಂಬ ಭರವಸೆಯಿಂದಲೇ ಆ ಹೆದರಿಕೆಯನ್ನು ಸವಿಯುತ್ತಾನೆ. ಆ ಭರವಸೆ ಮುರಿದ ಕಡೆ ನಿಮ್ಮ ಇಷ್ಟು ವರ್ಷಗಳ ಅಭ್ಯಾಸ ನೆರವಿಗೆ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

ಇದೇ ಚಿತ್ರದ ಮನುಷ್ಯರ ಸಾವುಗಳ ಕತೆ ನಿಮ್ಮಂಥ ಅಭಿಮಾನಿಗೆ ತಿಳಿದಿರಬೇಕಾದದ್ದು. ಕಾಡಿನಲ್ಲಿ ಕಾಣೆಯಾದ ಸಾಕ್ಷ್ಯಚಿತ್ರ ತಂಡವೊಂದರ ರೀಲುಗಳು ಅನಂತರ ದೊರೆತವು ಎಂಬ ರೂಪದಲ್ಲಿ ಚಿತ್ರದ ದ್ವಿತೀಯಾರ್ಧವನ್ನು, ಅಲುಗಾಡುವ ಕ್ಯಾಮೆರಾ ಮತ್ತು ಗೀರುಬಿದ್ದ ಫಿಲಂ ಬಳಸಿ ಕಟ್ಟಲಾಗಿದೆ. ಬಿಡುಗಡೆಯಾದ ಸ್ವಲ್ಪ ದಿನಗಳಲ್ಲೇ ಇಟಲಿಯ ಅಧಿಕಾರಿಗಳು ಚಿತ್ರವನ್ನು ಮುಟ್ಟುಗೋಲು ಹಾಕಿಕೊಂಡರು; ನಟರನ್ನು ನಿಜವಾಗಿ ಕೊಲ್ಲಲಾಗಿದೆ ಎಂಬ ಶಂಕೆ ಹುಟ್ಟಿ, ಅವರು ಬದುಕಿದ್ದಾರೆಂದು ತೋರಿಸಬೇಕಾದ ಪಾಡು ನಿರ್ದೇಶಕರಿಗೆ ಬಂತು. ಕಂಬಕ್ಕೆ ಸಿಕ್ಕಿಸಿದ ಹೆಂಗಸಿನ ದೃಶ್ಯವನ್ನು ಹೇಗೆ ಮಾಡಿದೆವೆಂದೂ ಅವರು ವಿವರಿಸಬೇಕಾಯಿತು. ಕಬ್ಬಿಣದ ಕಂಬದ ತುದಿಗೆ ಸೈಕಲ್ ಸೀಟು ಕೂರಿಸಿ, ಅದರ ಮೇಲೆ ಆಕೆಯನ್ನು ಕುಳ್ಳಿರಿಸಿ, ಬಾಲ್ಸಾ ಎಂಬ ಹಗುರ ಮರದ ಚೂಪು ತುಂಡನ್ನು ಬಾಯಲ್ಲಿ ಹಿಡಿದು ಆಕಾಶ ನೋಡುವಂತೆ ಹೇಳಿದ್ದರು, ಅಷ್ಟೇ. ಈ ಜಾಣತನವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಆ ನಕಲಿ ಸಾವುಗಳು ಅಷ್ಟು ನಿಜವೆನಿಸಲು ಅವುಗಳ ನಡುವೆ ನಿಜವಾದ ಸಾವುಗಳನ್ನು ಸೇರಿಸಿದ್ದೂ ಒಂದು ಕಾರಣ. ಪ್ರೇಕ್ಷಕನನ್ನು ನಂಬಿಸುವುದಕ್ಕಾಗಿ ಮೂಕಪ್ರಾಣಿಗಳ ಜೀವ ತೆಗೆದದ್ದನ್ನು ಎಷ್ಟೇ ದೊಡ್ಡ ಕಲೆಯ ಹೆಸರಿನಲ್ಲಿಯೂ ನಾನು ಒಪ್ಪಲಾರೆ. 2022ರಲ್ಲಿ ತೀರಿಕೊಂಡ ದಿಯೊದಾತೊ ಅವರೇ ಮುಂದೆ ಈ ವಿಷಯದಲ್ಲಿ ಪಶ್ಚಾತ್ತಾಪಪಟ್ಟಿದ್ದರು.

ಬೇರೆಯವರಿಗೂ ತೊಡಕೆನಿಸಿದ್ದು ಇದೇ ಎಂಬುದನ್ನು ಗಮನಿಸಿ. ಬ್ರಿಟನ್ನಿನ ಸೆನ್ಸಾರ್ ಮಂಡಳಿ 2011ರಲ್ಲಿ ಈ ಚಿತ್ರವನ್ನು ವಯಸ್ಕರಿಗಾಗಿ ಹೆಚ್ಚುಕಡಿಮೆ ಇಡಿಯಾಗಿ ಬಿಟ್ಟುಕೊಟ್ಟಿತು. ಕತ್ತರಿಸಿದ್ದು ಸುಮಾರು 15 ಸೆಕೆಂಡು ಮಾತ್ರ, ಅದೂ ಸಣ್ಣ ಪ್ರಾಣಿಯೊಂದನ್ನು ಚಾಕುವಿನಿಂದ ಕೊಲ್ಲುವ ಭಾಗವನ್ನು. ನಮ್ಮಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಿದೆ, 2001ರ ನಿಯಮಗಳ ಪ್ರಕಾರ ಚಿತ್ರದಲ್ಲಿ ಪ್ರಾಣಿಗಳನ್ನು ಬಳಸಲು ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು. ಯಾವ ಪ್ರಾಣಿಗೂ ಹಿಂಸೆಯಾಗಿಲ್ಲ ಎಂದು ಕನ್ನಡ ಚಿತ್ರಗಳ ಆರಂಭದಲ್ಲಿ ಬರುವ ಸಾಲುಗಳನ್ನು ನಾವು ಓದದೆಯೇ ದಾಟಿಸುತ್ತೇವೆ. ನೀವು ಸವಿಯುವ ಹೆದರಿಕೆ ನಿಂತಿರುವುದು ಆ ಮಾತಿನ ಮೇಲೆ.

ಇನ್ನು ಮತ್ತೆಮತ್ತೆ ಕಣ್ಣಿಗೆ ಕಟ್ಟುವ ಚಿತ್ರದ ವಿಚಾರ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಘೋರ ದೃಶ್ಯಗಳನ್ನು ನೋಡಿದ ಅರ್ಧ ಗಂಟೆಯ ಬಳಿಕ ಮೇಲಿನಿಂದ ಬೀಳುವ ತುಂಡುಗಳನ್ನು ಹೊಂದಿಸಿ ಜೋಡಿಸುವ ‘ಟೆಟ್ರಿಸ್’ ಎಂಬ ಕಂಪ್ಯೂಟರ್ ಆಟ ಆಡಿದವರಿಗೆ ಮುಂದಿನ ವಾರದಲ್ಲಿ ಆ ದೃಶ್ಯಗಳು ಮರುಕಳಿಸಿದ್ದು ಆಡದವರಿಗಿಂತ ಕಡಿಮೆ. ನಿಮ್ಮ ಪಾಲಿಗೆ ಆ ಅರ್ಧ ಗಂಟೆ ಎಂದೋ ಕಳೆದಿರುವುದರಿಂದ ಅದನ್ನು ಮದ್ದೆಂದು ಹೇಳಲಾರೆ. ಆದರೂ ಮಲಗುವ ಮುನ್ನ ಫೋನು ನೋಡುವುದರ ಬದಲು ಕಣ್ಣಿಗೂ ಕೈಗೂ ಒಟ್ಟಿಗೆ ಕೆಲಸ ಕೊಡುವ ಏನನ್ನಾದರೂ, ಚಿತ್ರ ಬಿಡಿಸುವುದನ್ನೋ ಕೇರಂ ಆಡುವುದನ್ನೋ, ರೂಢಿಸಿಕೊಳ್ಳಿ. ದೃಶ್ಯ ಕಣ್ಣಮುಂದೆ ಬಂದಾಗ ಹೊಡೆದೋಡಿಸಲು ಹೆಣಗಬೇಡಿ, ಹಾಗೆ ಮಾಡಿದಷ್ಟೂ ಅದು ಹಟ ಹಿಡಿಯುತ್ತದೆ. ಬಂದದ್ದು ತಾನಾಗಿ ಹೋಗಲು ಬಿಡಿ. ಕೆಲವು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣಿ, ಅಥವಾ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ; ಕರೆ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು.

ಉಳಿದ ಭಾಗವನ್ನು ನೋಡಬೇಡಿ. ಅದರಲ್ಲಿ ಹಂದಿಗೆ ಗುಂಡಿಕ್ಕುವ ದೃಶ್ಯವಿದೆ, ಅದೂ ನಿಜವೇ. ಗೆಳೆಯರು ಮತ್ತೆ ಕೇಳಿದರೆ ನಿಮಗೆ ತಡೆಯಲಾಗದೆ ಹೋದದ್ದು ಯಾವುದೆಂದು ನೇರವಾಗಿ ಹೇಳಿ. ಆ ಆಮೆ ನಿಜವಾದದ್ದೆಂದು ಅವರಲ್ಲಿ ಎಷ್ಟೋ ಮಂದಿಗೆ ಗೊತ್ತಿರಲಿಕ್ಕಿಲ್ಲ.