ಸಪ್ಲೈಯರ್ ಖಾತೆ ಬದಲಾಯಿತಂತೆ, ದುಡ್ಡು ಹಾಕೋಣವೇ?

ಪ್ರಶ್ನೆ: ನಮ್ಮದು ಹೆಬ್ಬಾಳ ಕೈಗಾರಿಕಾ ಪ್ರದೇಶದ ಊದುಬತ್ತಿ ಕಾರ್ಖಾನೆ. ಸುಗಂಧತೈಲ ಕೊಡುವವರಿಂದ ‘ಬ್ಯಾಂಕ್ ಖಾತೆ ಬದಲಾಗಿದೆ, ಈ ಬಿಲ್ ಹೊಸ ಖಾತೆಗೆ ಹಾಕಿ’ ಎಂದು ಮೇಲ್ ಬಂದಿದೆ. ನಮ್ಮ ಹಳೆಯ ಮೇಲ್‌ಗೇ ಉತ್ತರವಾಗಿ ಬಂದಿದೆ, ಬಿಲ್ ನಂಬರೂ ಸರಿಯಿದೆ. ನಂಬಬಹುದೇ?
– ಅಕೌಂಟೆಂಟ್, ಮೈಸೂರು

ಉತ್ತರ: ಮೊದಲು ಫೋನ್ ಮಾಡಿ. ಆ ಮೇಲ್‌ನ ಕೆಳಗಿರುವ ನಂಬರಿಗಲ್ಲ, ನಿಮ್ಮ ಹಳೆಯ ಪರ್ಚೇಸ್ ಆರ್ಡರ್‌ನಲ್ಲಿರುವ ನಂಬರಿಗೆ. ಬಿಲ್ ನಂಬರ್ ಸರಿಯಿದೆ ಎಂದು ಸಮಾಧಾನಪಡಬೇಡಿ. ಅವರ ಇಲ್ಲವೇ ನಿಮ್ಮ ಮೇಲ್‌ಬಾಕ್ಸ್‌ನಲ್ಲಿ ಯಾರೋ ಕೂತು ಓದುತ್ತಿದ್ದರೆ ನಂಬರ್ ಸರಿಯಾಗಿಯೇ ಇರುತ್ತದೆ.

ಕಳುಹಿಸಿದವರ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿ. ಇಂಗ್ಲಿಷಿನ ಸಣ್ಣ ಆರ್, ಎನ್ ಒತ್ತೊತ್ತಾಗಿ ಬಂದರೆ ಮೊಬೈಲ್‌ನಲ್ಲಿ ಎಮ್ ಎಂದೇ ಕಾಣುತ್ತದೆ. ಜಿಮೇಲ್ ಆದರೆ ಕಂಪ್ಯೂಟರ್‌ನಲ್ಲಿ ‘ಶೋ ಒರಿಜಿನಲ್’ ಒತ್ತಿ, ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ (ಮೇಲ್ ನಿಜವಾಗಿ ಆ ಡೊಮೇನ್‌ನಿಂದ, ಅಂದರೆ ವಿಳಾಸದಲ್ಲಿ @ ಆದ ಮೇಲಿರುವ ಹೆಸರಿನಿಂದ ಬಂದಿದೆಯೇ ಎಂಬ ಪರೀಕ್ಷೆಗಳು) ಎದುರು ‘ಪಾಸ್’ ಇದೆಯೇ ನೋಡಿ. ಫೇಲ್ ಆಗಿದ್ದರೆ ಅನುಮಾನ ಗಟ್ಟಿ. ಪಾಸ್ ಆಗಿದ್ದರೆ ಏನೂ ಹೇಳಲಾಗದು: ಕಳ್ಳ ಅವರದೇ ಮೇಲ್‌ಬಾಕ್ಸ್‌ಗೆ ನುಗ್ಗಿ ಬರೆದರೂ ಪಾಸ್, ಹೋಲುವ ಹೆಸರಿನ ಡೊಮೇನ್ ಕೊಂಡು ಬರೆದರೂ ಪಾಸ್.

ನಿಮ್ಮ ಮೇಲ್ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್, ಫಿಲ್ಟರ್ ಎರಡನ್ನೂ ತೆರೆಯಿರಿ. ‘ಇನ್‌ವಾಯ್ಸ್’ ಪದವಿರುವ ಮೇಲ್‌ಗಳೆಲ್ಲ ಹೊರಗಿನ ವಿಳಾಸಕ್ಕೆ ಹೋಗುವಂತೆ ಕಳ್ಳರು ರೂಲ್ ಇಟ್ಟಿರಬಹುದು. ಪಾಸ್‌ವರ್ಡ್ ಬದಲಿಸಿದರೂ ಆ ರೂಲ್ ಹಾಗೇ ಉಳಿಯುತ್ತದೆ; ಬಹಳ ಜನ ಎಡವುವುದು ಇಲ್ಲೇ. ಅಳಿಸಿ, ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿ, ಪಾಸ್‌ವರ್ಡ್ ಬದಲಿಸಿ.

ಆರ್‌ಟಿಜಿಎಸ್, ನೆಫ್ಟ್‌ಗಳಲ್ಲಿ ಹಣ ಜಮೆಯಾಗುವುದು ಖಾತೆ ನಂಬರ್ ನೋಡಿ, ನೀವು ಬರೆದ ಹೆಸರು ನೋಡಿ ಅಲ್ಲ. ಅದಕ್ಕೇ ಕಳುಹಿಸುವ ಮೊದಲು ಖಾತೆದಾರರ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಿ ಎಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿತ್ತು. ಬಳಸಿ. ಇನ್ನು ಪಾವತಿ ತುಂಬಲು ಮೇಕರ್, ಅದನ್ನು ನೋಡಿ ಒಪ್ಪಲು ಚೆಕರ್ ಎಂದು ಬ್ಯಾಂಕಿನಿಂದ ಎರಡು ಲಾಗಿನ್ ಪಡೆದು, ಎರಡರ ಪಾಸ್‌ವರ್ಡನ್ನೂ ಓಟಿಪಿ ಬರುವ ಫೋನನ್ನೂ ಒಬ್ಬರ ಕೈಗೇ ಕೊಟ್ಟಿದ್ದರೆ ಅದು ಒಂದೇ ಲಾಗಿನ್.

ಹಣ ಹೋಗಿಯೇಬಿಟ್ಟಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ, ಯುಟಿಆರ್ ನಂಬರ್ (ಆ ಪಾವತಿಗೆ ಬ್ಯಾಂಕ್ ಕೊಟ್ಟ ಗುರುತಿನ ಸಂಖ್ಯೆ) ಕೊಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಹಣ ಇನ್ನೊಂದು ಖಾತೆಗೆ ದಾಟುವ ಮುನ್ನ ತಡೆಹಿಡಿಸಬೇಕು.

ಪ್ರಶ್ನೆ: ನಮ್ಮ ಬ್ಯಾಂಕಿನ ವೆಬ್ ವಿಳಾಸ ಈಗ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದಾಗಿದೆ. ನಕಲಿಯೇ?
– ಓದುಗರು, ಮಂಡ್ಯ

ಉತ್ತರ: ಅಲ್ಲ. 2025ರ ಅಕ್ಟೋಬರ್ 31ರೊಳಗೆ ಬದಲಾಗಿ ಎಂದು ರಿಸರ್ವ್ ಬ್ಯಾಂಕೇ ಹೇಳಿತ್ತು. ಈ ಬಾಲ ಬ್ಯಾಂಕುಗಳಿಗೆ ಮಾತ್ರ ಸಿಗುತ್ತದೆ. ಆದರೆ ಅದು ವಿಳಾಸದ ಕೊನೆಯಲ್ಲಿ, ಅಂದರೆ ಆರಂಭದ ‘https://’ ಬಿಟ್ಟು ಮುಂದೆ ಬರುವ ಮೊದಲ ಓರೆಗೆರೆಗೆ (/) ಮುಂಚೆ ಇರಬೇಕು. ‘ಇನ್’ ಆದ ಮೇಲೆ ಮತ್ತೊಂದು ಡಾಟ್ ಬಂದರೆ, ಅಥವಾ ‘ಬ್ಯಾಂಕ್’, ‘ಇನ್’ ನಡುವೆ ಡಾಟ್ ಬದಲು ಅಡ್ಡಗೆರೆ ಇದ್ದರೆ ಮುಚ್ಚಿಬಿಡಿ.