ಬಿಟ್ಟುಕೊಟ್ಟ ಹಕ್ಕು ತಾನಾಗಿಯೇ ವಾಪಸ್ ಬರುತ್ತಾ?

ಸಾಂಕ್ರಾಮಿಕ ರೋಗದ ಸಮಯದಲ್ಲಿ ಜನ ಬಿಟ್ಟುಕೊಟ್ಟ ಹಕ್ಕುಗಳು ರೋಗ ಹೋದ ಮೇಲೆ ತಾವಾಗಿಯೇ ವಾಪಸ್ ಬರುತ್ತವಾ ಅಂತ ಕೇಳಿದ್ದೀರಿ. ಸುಮ್ನೆ ಬರಲ್ಲ. ಯಾವಾಗ ಮುಗಿಯಬೇಕು ಅನ್ನೋದು ಕಾನೂನಿನಲ್ಲೇ ಬರೆದಿರಬೇಕು.

ಬಾಂಬೆ ಪ್ಲೇಗ್ ಕಾಲದಲ್ಲಿ ಬ್ರಿಟಿಷರು 1897ರಲ್ಲಿ ತಂದ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೇ ನೋಡಿ. ಇದ್ದದ್ದು ನಾಲ್ಕೇ ಸೆಕ್ಷನ್. ಒಂದರಲ್ಲಿ ಆದೇಶ ಮೀರಿದವರಿಗೆ ಶಿಕ್ಷೆ, ಇನ್ನೊಂದರಲ್ಲಿ ಆದೇಶ ಜಾರಿ ಮಾಡಿದವರ ಮೇಲೆ ಕೇಸ್ ಬೀಳದಂತೆ ರಕ್ಷಣೆ. ಮನೆಯಲ್ಲಿ ಕೂತ ಜನರಿಗೆ ಸರ್ಕಾರ ಏನು ಕೊಡಬೇಕು ಅಂತ ಒಂದು ಸಾಲೂ ಇರಲಿಲ್ಲ! ಗಡುವೂ ಇರಲಿಲ್ಲ, ಹಾಗಾಗಿ 2020ರಲ್ಲಿ ಕೊರೊನಾ ಬಂದಾಗಲೂ ಅದನ್ನೇ ಹೊರತೆಗೆದರು.

ಬ್ರಿಟನ್ನಿನವರು 2020ರಲ್ಲಿ ಮಾಡಿದ ಕೊರೊನಾ ಕಾಯ್ದೆಯ ಬಹುಪಾಲು ಸೆಕ್ಷನ್‌ಗಳಿಗೆ ಎರಡೇ ವರ್ಷದ ಆಯುಷ್ಯ. ಅಷ್ಟಾದರೂ ನಂಬಿಕೆ ಉಳಿಯಲಿಲ್ಲ, ಯಾಕೆಂದರೆ ಲಾಕ್‌ಡೌನ್ ರೂಲ್ಸ್ ಹೇರಿದ ಪ್ರಧಾನಿ ಬೋರಿಸ್ ಜಾನ್ಸನ್ ಅವರೇ ಅದನ್ನು ಮುರಿದದ್ದಕ್ಕೆ 2022ರಲ್ಲಿ ದಂಡ ಕಟ್ಟಿದರು. ತಮ್ಮವರ ಕೊನೆಗಾಲದಲ್ಲಿ ಹತ್ತಿರ ಹೋಗಲಾಗದೆ ಮನೆಯಲ್ಲೇ ಉಳಿದವರಿಗೆ ಎಷ್ಟು ಉರಿದಿರಬೇಡ, ಅಲ್ವಾ? ನನಗನ್ನಿಸೋದು, ಜನ ಕಟ್ಟುಪಾಡಿಗಿಂತ ಜಾಸ್ತಿ ಸಿಟ್ಟಾಗೋದು ಇಂಥದ್ದಕ್ಕೇ.

ಹೊಸ ಮಸೂದೆ ಯಾವುದಾದರೂ ಬಂದರೆ ಮೊದಲು ಅದರಲ್ಲಿ ಗಡುವು ಇದೆಯಾ ಹುಡುಕಿ.