ಶಾಬ್ಲಿ ಒಂದು ಊರು, ಸ್ವಾಮಿ

ಹಾವೇರಿಯ ಓದುಗರೊಬ್ಬರ ಪತ್ರ: "ಫ್ರಾನ್ಸಿನ ಶಾಬ್ಲಿ ವೈನ್ ಬಗ್ಗೆ ಬರೆಯುತ್ತ, ಆ ಹೆಸರನ್ನು ಕ್ಯಾಲಿಫೋರ್ನಿಯಾದವರು ಬಳಸುವುದು ಮೋಸ ಎಂದಿದ್ದೀರಿ. ದ್ರಾಕ್ಷಿ ಎಲ್ಲಿದ್ದರೂ ದ್ರಾಕ್ಷಿಯೇ ಅಲ್ವಾ? ಒಂದು ಹೆಸರಿಗೆ ಇಷ್ಟು ರಗಳೆ ಯಾಕೆ? ಅಂದ ಹಾಗೆ, ನಿಮ್ಮ ಲೇಖನದಲ್ಲೇ ಆ ಹೆಸರು ಎರಡು ಥರ ಅಚ್ಚಾಗಿದೆ."

ಉತ್ತರ: ಯಾರ ನಾಲಿಗೆಗೆ ಏನು ಹಿಡಿಸುತ್ತದೋ ಅದನ್ನು ಕುಡಿಯಲಿ, ಅಗ್ಗಕ್ಕೆ ಸಿಕ್ಕರೆ ಇನ್ನೂ ಒಳ್ಳೆಯದು. ಅಷ್ಟು ಒಪ್ಪಿದೆ. ಇನ್ನು ಜಗಳಕ್ಕೆ ಬರೋಣ.

ಕ್ಯಾಲಿಫೋರ್ನಿಯಾದಲ್ಲಿ ನಮ್ಮಣ್ಣನ ಮಗ ಒಮ್ಮೆ ಫ್ರಿಜ್ಜಿನಿಂದ ರಟ್ಟಿನ ಡಬ್ಬ ತೆಗೆದ. ಕೆಳಗೊಂದು ಪ್ಲಾಸ್ಟಿಕ್ ನಲ್ಲಿ, ಮೇಲೆ ದಪ್ಪ ಅಕ್ಷರದಲ್ಲಿ ಹೆಸರು. "ಚಿಕ್ಕಪ್ಪ, ಶಾಬ್ಲಿ!" ಅಂದ. ಕುಡಿದರೆ ಸಿಹಿಸಿಹಿ, ಪಾನಕದ ತಂಗಿ. ಅಸಲಿ ಶಾಬ್ಲಿಗೆ ಶಾರ್ಡನೆ ಎಂಬ ಒಂದೇ ದ್ರಾಕ್ಷಿ. ಆ ಡಬ್ಬದಲ್ಲಿ ಯಾವ ಬಿಳಿ ದ್ರಾಕ್ಷಿ ಬೇಕಾದರೂ ಇರಬಹುದು. ಅಂದರೆ ನಿಮ್ಮ 'ದ್ರಾಕ್ಷಿ ದ್ರಾಕ್ಷಿಯೇ' ಅನ್ನುವ ವಾದವೂ ಅಲ್ಲಿ ನಿಲ್ಲುವುದಿಲ್ಲ. ಇದು ಅಲ್ಲಿ ಕಾನೂನಿಗೆ ವಿರುದ್ಧವೂ ಅಲ್ಲ. 2006ರಲ್ಲಿ ಯುರೋಪಿನ ಜೊತೆ ಅಮೆರಿಕ ವೈನ್ ಒಪ್ಪಂದ ಮಾಡಿಕೊಂಡಾಗ ಇಂಥ ಹೆಸರು ಬಳಸದಂತೆ ಹೊಸಬರಿಗೆ ಬಾಗಿಲು ಹಾಕಿ, ಹಳೆಯ ಬ್ರ್ಯಾಂಡ್‌ಗಳನ್ನು ಹಾಗೇ ಬಿಟ್ಟರು. ಕದ್ದು ಬಹಳ ದಿನ ಆಗಿದ್ದರೆ ಮಾಲು ನಿಮ್ಮದೇ ಅಂದ ಹಾಗೆ!

ಶಾಬ್ಲಿ ಅನ್ನೋದು ಬರ್ಗಂಡಿಯ ಉತ್ತರ ತುದಿಯಲ್ಲಿ, ಸೆರೆನ್ ಎಂಬ ಸಣ್ಣ ಹೊಳೆಯ ದಡದಲ್ಲಿರುವ ಊರು. ಹೊಳೆಯಾಚೆ ಒಂದೇ ಗುಡ್ಡದ ಇಳಿಜಾರಿನಲ್ಲಿ ಏಳು 'ಗ್ರಾಂ ಕ್ರೂ', ಅಂದರೆ ಅತ್ಯುನ್ನತ ದರ್ಜೆಯ, ತೋಟಗಳು, ಎಲ್ಲ ಸೇರಿ ಸುಮಾರು 100 ಹೆಕ್ಟೇರ್. ಅಲ್ಲಿಂದ ತಂದ ಕಲ್ಲೊಂದು ನನ್ನ ಮೇಜಿನ ಮೇಲಿದೆ. ಅದರ ತುಂಬ ಅಲ್ಪವಿರಾಮದ ಹಾಗೆ ಬಾಗಿದ ಪುಟ್ಟ ಚಿಪ್ಪುಗಳು. ಸುಮಾರು 15 ಕೋಟಿ ವರ್ಷದ ಹಿಂದೆ ಅಲ್ಲಿ ಸಮುದ್ರವಿತ್ತು, ಇವು ಅದರ ಸಿಂಪಿಗಳು. (ಈ ಮಣ್ಣಿನ ಪದರಕ್ಕೆ ಕಿಮ್ಮರಿಡ್ಜ್ ಎಂಬ ಇಂಗ್ಲೆಂಡಿನ ಹಳ್ಳಿಯ ಹೆಸರು. ಆದರೆ ಆ ಹಳ್ಳಿಯ ಹೆಸರಲ್ಲಿ ಯಾರೂ ಡಬ್ಬ ಮಾರುತ್ತಿಲ್ಲ.)

ಇನ್ನು ಅಲ್ಲಿಯ ಚಳಿ. ಏಪ್ರಿಲ್‌ನಲ್ಲಿ ಬಳ್ಳಿ ಚಿಗುರುವ ಹೊತ್ತಿಗೇ ಹಿಮ ಬಂದು ಕೂರುತ್ತದೆ. 2016ರಲ್ಲೂ 2021ರಲ್ಲೂ ಬೆಳೆ ಸುಟ್ಟಿತು. ಆಗ ರೈತರು ನಡುರಾತ್ರಿ ಎದ್ದು ಸಾಲುಗಳ ನಡುವೆ ಮೇಣದ ಡಬ್ಬಿಗಳನ್ನು ಹಚ್ಚುತ್ತಾರೆ. ದೂರದಿಂದ ನೋಡಿದರೆ ಗುಡ್ಡಕ್ಕೆ ಲಕ್ಷದೀಪೋತ್ಸವ. ಕೆಲವರು ಚಿಗುರಿನ ಮೇಲೆ ನೀರು ಸಿಂಪಡಿಸುತ್ತಲೇ ಇರುತ್ತಾರೆ. ಹುಚ್ಚು ಅನ್ನಿಸುತ್ತೆ ಅಲ್ವಾ? ನೀರು ಗಡ್ಡೆ ಕಟ್ಟುವಾಗ ಸ್ವಲ್ಪ ಶಾಖ ಬಿಡುತ್ತದೆ, ಅಷ್ಟರಲ್ಲೇ ಒಳಗಿನ ಮೊಗ್ಗು ಜೀವ ಹಿಡಿದುಕೊಳ್ಳುತ್ತದೆ. 1938ರಲ್ಲಿ ಆ ಹೆಸರಿಗೆ ಫ್ರಾನ್ಸ್ ಕಾನೂನಿನ ಬೇಲಿ ಹಾಕಿತು. ರಾತ್ರಿಯಿಡೀ ತೋಟ ಕಾಯುವವರ ಹೆಸರನ್ನು ರಟ್ಟಿನ ಡಬ್ಬಕ್ಕೆ ಅಂಟಿಸಿದರೆ ಸಿಟ್ಟು ಬರಬಾರದಾ?

ನೀವು ಹಾವೇರಿಯವರು. ಬ್ಯಾಡಗಿ ನಿಮ್ಮ ಪಕ್ಕದಲ್ಲೇ. ಆ ಸುಕ್ಕುಸುಕ್ಕಿನ, ಖಾರ ಕಡಿಮೆ ಬಣ್ಣ ಜಾಸ್ತಿ ಇರುವ ಮೆಣಸಿನಕಾಯಿಗೆ 2011ರಲ್ಲಿ ಜಿಐ (ಊರಿನ ಹೆಸರನ್ನು ಕಾಯುವ ಭೌಗೋಳಿಕ ಸೂಚಕ) ಮಾನ್ಯತೆ ಬಂತು. ಬಾಯಿ ಸುಡುವ ಯಾವುದೋ ಪುಡಿಗೆ 'ಬ್ಯಾಡಗಿ' ಅಂತ ಚೀಟಿ ಹಚ್ಚಿ ಮಾರಿದರೆ, 'ಮೆಣಸಿನಕಾಯಿ ಮೆಣಸಿನಕಾಯಿಯೇ' ಅಂತ ನಿಮ್ಮ ಮನೆಯವರ ಮುಂದೆ ಒಮ್ಮೆ ಹೇಳಿ ನೋಡಿ. ನಮಗೆ ಹೆಸರೆಂದರೆ ಸುಮ್ನೆ ಬಣ್ಣದ ಕಾಗದ ಆಗಿಬಿಟ್ಟಿದೆ. ಕೆರೆ ಮುಚ್ಚಿ ಕಟ್ಟಿದ ಬಡಾವಣೆಗೆ 'ಲೇಕ್ ವ್ಯೂ' ಅಂತೀವಿ. ಎದುರಿಗೆ ಚರಂಡಿ.

ಲೇಖನದ ಎರಡನೇ ಪುಟದಲ್ಲಿ 'ಚಾಬ್ಲಿಸ್' ಎಂದು ಅಚ್ಚಾಗಿರುವುದು ನಿಜ. ಆ ಪುಟದ ಕರಡು ತಿದ್ದಿದವನು ನಾನೇ.